ಸಂಗೀತಾಚಾರ್ಯ ಹ್ಯಾಂಡೆಲನ ಜೀವಿತ

ಕ್ರಿಸ್ತ ಜಯಂತಿಯು ಸಮೀಪಿಸಿತೆಂದರೆ ನಮ್ಮ ಪಾಠಶಾಲೆಯಲ್ಲಿ ಸಾಯಂಕಾಲದ ವೇಳೆ ಹಾಡುಗಳ ಅಭ್ಯಾಸವು ಪ್ರಾರಂಭವಾಗುವುದು. ಹಾಸನದ ಹುಡುಗಿಯರೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬಂದವರೂ ಒಂದೇ ಸಾಲಿನಲ್ಲಿ ನಿಂತು ಹಾಡುವರು. ಇವರಲ್ಲಿ ಕೆಲವರ ಕಿವಿಗೆ ನಮ್ಮ ದೇಶದ ಸಂಗೀತವು ಎಳೆತನದಿಂದಲೇ ಪರಿಚಿತವಾದದ್ದು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಎಷ್ಟೋ ಮಂದಿ ವಿದ್ವಾಂಸರ ತವರೂರೆಂಬುದು ಎಲ್ಲರೂ ಬಲ್ಲ ಸಂಗತಿಯಷ್ಟೆ. ಇಂತಹ ಸೀಮೆಯ ಹುಡುಗಿಯರು ಪಾಶ್ಚಾತ್ಯ ಗಾನವನ್ನು ಮೊದಲ ಸಲ ಕೇಳಿದಾಗ, ಎಲ್ಲರೂ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವುದೇಕೆ, ಇದರ ರಾಗವು ಯಾವುದು ಎಂದು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ ಅದು. ಅದಕ್ಕೆ ಉತ್ತರವನ್ನು ಲಕ್ಷಣಗ್ರಂಥದಿಂದ ಹೇಳುವುದಕ್ಕಿಂತಲೂ ಒಬ್ಬ ಮನುಷ್ಯನ ಜೀವಿತದ ಮೂಲಕ ಹೇಳುವುದು ಲೇಸೆಂದು ತೋರಿದುದರಿಂದ, ಜಾರ್ಜ್ ಫ್ರೆಡೆರಿಕ್ ಹ್ಯಾಂಡೆಲನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆದಿರುವೆನು.

ಹ್ಯಾಂಡೆಲನು 1685ನೆಯ ಇಸವಿ ಫೆಬ್ರವರಿ 23ರಲ್ಲಿ ಜರ್ಮನಿ ದೇಶದ ಹಾಲೆ ಎಂಬ ಪಟ್ಟಣದಲ್ಲಿ ಹುಟ್ಟಿದನು. ಆಗ ನಮ್ಮ ಮೈಸೂರು ಸೀಮೆಯನ್ನು ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಹಾಡುಗಬ್ಬವಾದ ಗೀತಗೋಪಾಲವು ಹುಟ್ಟಿದುದು ಅವರ ಆಸ್ಥಾನದಲ್ಲಿಯೇ. ಯೂರೋಪಿನಲ್ಲಿ 1600ರಿಂದ 1750ರ ವರೆಗಿನ ಸಂಗೀತದ ಯುಗಕ್ಕೆ ಬರೋಕ್ ಎಂದು ಹೆಸರು. ಆ ಯುಗದ ಕೊನೆಯ ಇಬ್ಬರು ಮಹಾಪುರುಷರಾದ ಬಾಖನೂ ಹ್ಯಾಂಡೆಲನೂ ಒಂದೇ ವರ್ಷದಲ್ಲಿ, ಒಂದೇ ಸೀಮೆಯ ಆಸುಪಾಸಿನಲ್ಲಿ ಹುಟ್ಟಿದರು. ಆದರೂ ಜೀವಮಾನದಲ್ಲಿ ಒಮ್ಮೆಯೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಹ್ಯಾಂಡೆಲನ ತಂದೆಯು ಕ್ಷೌರವನ್ನೂ ಶಸ್ತ್ರವೈದ್ಯವನ್ನೂ ಕಲಿತು ದೊರೆಗಳ ಮನ್ನಣೆಗೆ ಪಾತ್ರನಾಗಿದ್ದವನು. ಮಗನು ಹುಟ್ಟಿದಾಗ ಅವನಿಗೆ ಅರುವತ್ತು ವರ್ಷ ಮೀರಿತ್ತು. ತಾಯಿಯು ಸಭಾಪಾಲಕರೊಬ್ಬರ ಮಗಳು. ಮಗನು ನ್ಯಾಯಶಾಸ್ತ್ರವನ್ನು ಓದಿ ದೊಡ್ಡ ಅಧಿಕಾರಿಯಾಗಬೇಕೆಂಬುದು ತಂದೆಯ ಬಯಕೆ. ಸಂಗೀತದಿಂದ ಹೊಟ್ಟೆ ತುಂಬದೆಂದು ನಂಬಿದ್ದ ಆ ಮುದುಕನು ಮನೆಯಲ್ಲಿ ವಾದ್ಯವೇ ಇರಕೂಡದೆಂದು ಕಟ್ಟುಮಾಡಿದನಂತೆ. ಆದರೂ ಮೆಲ್ಲನೆ ನುಡಿಯುವ ಸಣ್ಣ ತಂತಿವಾದ್ಯವೊಂದನ್ನು ಯಾರೋ ಮನೆಯ ಅಟ್ಟದ ಮೇಲೆ ಬಚ್ಚಿಟ್ಟಿದ್ದರೆಂದೂ, ಮನೆಯವರೆಲ್ಲ ಮಲಗಿದ ಮೇಲೆ ಬಾಲಕನು ಅಲ್ಲಿಗೆ ಹೋಗಿ ನುಡಿಸುತ್ತಿದ್ದನೆಂದೂ ಅವನ ಮೊದಲ ಚರಿತ್ರಕಾರನು ಬರೆದಿರುವನು.

ಒಂದು ದಿನ ತಂದೆಯು ವೈಸೆನ್‌ಫೆಲ್ಸಿನ ಡ್ಯೂಕನ ಅರಮನೆಗೆ ಹೊರಟನು. ಚಿಕ್ಕ ಹುಡುಗನು ತಾನೂ ಬರುವೆನೆಂದು ಹಟಹಿಡಿದು ಗಾಡಿಯ ಹಿಂದೆ ಓಡಿದನು. ಬಹುದೂರ ಓಡಿಬಂದವನನ್ನು ಕಂಡು ತಂದೆಯ ಮನಸ್ಸು ಕರಗಿ, ಅವನನ್ನು ಗಾಡಿಯೊಳಗೆ ಕೂರಿಸಿಕೊಂಡನು. ಅರಮನೆಯ ದೇವಾಲಯದಲ್ಲಿ ಆರಾಧನೆ ಮುಗಿದ ಮೇಲೆ ಹುಡುಗನು ಆರ್ಗನ್ ನುಡಿಸುತ್ತಿರಲು ಡ್ಯೂಕನು ಕೇಳಿ ಬೆರಗಾಗಿ, ಇಂತಹ ವರವನ್ನು ಅಡಗಿಸುವುದು ಲೋಕಕ್ಕೂ ದೇವರಿಗೂ ಅಪರಾಧವೆಂದು ತಂದೆಗೆ ತಿಳಿಯಹೇಳಿದನು. ದೊರೆಯ ಮಾತನ್ನು ಮೀರಲಾರದೆ ತಂದೆಯು ಮಗನನ್ನು ಹಾಲೆಯ ದೊಡ್ಡ ಗುಡಿಯ ಆರ್ಗನ್ ವಾದಕನಾದ ಜಾಖೋ ಎಂಬವನ ಬಳಿ ಪಾಠಕ್ಕೆ ಬಿಟ್ಟನು. ಆ ಗುರುವು ಬಾಲಕನಿಂದ ಹಲವು ವಾದ್ಯಗಳನ್ನು ಅಭ್ಯಾಸಮಾಡಿಸಿದುದಲ್ಲದೆ, ಹಿಂದಿನ ಆಚಾರ್ಯರ ಕೃತಿಗಳನ್ನು ಕೈಯಿಂದ ನಕಲುಮಾಡಿಸಿ ಅವುಗಳ ರಚನೆಯನ್ನು ಮನಗಾಣಿಸಿದನು. 1697ರಲ್ಲಿ, ಹ್ಯಾಂಡೆಲನಿಗೆ ಹನ್ನೆರಡು ತುಂಬುವ ಮುನ್ನವೇ, ತಂದೆಯು ತೀರಿಕೊಂಡನು.

ಹಾಲೆ ಪಟ್ಟಣದ ಹೆಸರು ಮಿಷನ್ ಚರಿತ್ರೆಯನ್ನು ಓದಿದವರಿಗೆ ಹೊಸದಲ್ಲ. ಆಗಸ್ಟ್ ಹೆರ್ಮನ್ ಫ್ರಾಂಕೆ ಎಂಬ ಭಕ್ತನು 1695ರಲ್ಲಿ ಬಡಮಕ್ಕಳ ಶಾಲೆಯನ್ನೂ, ಅದನ್ನು ಅನುಸರಿಸಿ ಅನಾಥಶಾಲೆಯನ್ನೂ ಸ್ಥಾಪಿಸಿದುದು ಅಲ್ಲಿಯೇ. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಚೀಗನ್‌ಬಾಲ್ಗನು ವ್ಯಾಸಂಗಮಾಡಿದುದೂ ಅಲ್ಲಿಯೇ. ಹ್ಯಾಂಡೆಲನು ಬೆಳೆದುದು ಇಂತಹ ಊರಿನಲ್ಲಿ. ಅನಾಥ ಮಕ್ಕಳ ಮಾತು ಅವನ ಚರಿತ್ರೆಯ ಕೊನೆಯಲ್ಲಿ ಪುನಃ ಬರುವುದು.

1702ರಲ್ಲಿ ಹಾಲೆಯ ವಿಶ್ವವಿದ್ಯಾನಿಲಯವನ್ನು ಸೇರಿದ ಹ್ಯಾಂಡೆಲನು ಒಂದು ವರ್ಷ ಗುಡಿಯೊಂದರಲ್ಲಿ ಆರ್ಗನ್ ನುಡಿಸಿ, 1703ರಲ್ಲಿ ಹ್ಯಾಂಬರ್ಗ್ ನಗರದ ಸಂಗೀತ ನಾಟಕಶಾಲೆಗೆ ಹೋದನು. ಅವನ ಸ್ವಭಾವವು ಉಗ್ರವಾದದ್ದು. ಅಲ್ಲಿ ಮಾಟೆಸೋನ್ ಎಂಬ ಗೆಳೆಯನೊಡನೆ ವಾದ್ಯದ ಮುಂದೆ ಯಾರು ಕೂರಬೇಕೆಂದು ಜಗಳ ಹುಟ್ಟಿ, 1704ರಲ್ಲಿ ಇಬ್ಬರೂ ಕತ್ತಿ ಹಿರಿದು ಹೋರಾಡಿದರು. ಎದುರಾಳಿಯ ಕತ್ತಿಯು ಅಂಗಿಯ ಲೋಹದ ಗುಂಡಿಗೆ ತಗುಲಿ ಮುರಿದುದರಿಂದ ಪ್ರಾಣವು ಉಳಿಯಿತೆಂದು ಹೇಳುವರು. ಅವರಿಬ್ಬರೂ ಬೇಗನೆ ರಾಜಿಯಾದರೆಂಬುದನ್ನೂ ಹೇಳಬೇಕು. 1706ರಿಂದ 1710ರ ವರೆಗೆ ಹ್ಯಾಂಡೆಲನು ಇಟಲಿ ದೇಶದಲ್ಲಿದ್ದು, ಮಾನವ ಕಂಠದ ಸೊಗಸನ್ನು ಅರಿತನು. 1710ರಲ್ಲಿ ಹ್ಯಾನೋವರಿನ ದೊರೆಯ ಬಳಿ ಕೆಲಸಕ್ಕೆ ಸೇರಿದನಾದರೂ ಅದೇ ವರ್ಷ ಲಂಡನ್ನಿಗೆ ಹೋದನು. 1711ರಲ್ಲಿ ಅವನ ರಿನಾಲ್ಡೋ ಎಂಬ ಸಂಗೀತ ನಾಟಕವು ಅಲ್ಲಿನ ಜನರನ್ನು ಮರುಳುಮಾಡಿತು. ಮುಂದೆ ಆ ಪಟ್ಟಣವೇ ಅವನ ಮನೆಯಾಯಿತು. 1714ರಲ್ಲಿ ಹ್ಯಾನೋವರಿನ ದೊರೆಯೇ ಒಂದನೆಯ ಜಾರ್ಜ್ ಎಂಬ ಹೆಸರಿನಿಂದ ಇಂಗ್ಲೆಂಡಿನ ಸಿಂಹಾಸನವನ್ನೇರಿದನು. 1717ರ ಜುಲೈ 17ರ ರಾತ್ರಿ ಥೇಮ್ಸ್ ನದಿಯ ದೋಣಿಗಳಲ್ಲಿ ಹ್ಯಾಂಡೆಲನ ಜಲಸಂಗೀತವನ್ನು ನುಡಿಸಲು, ದೊರೆಯು ತೃಪ್ತನಾಗದೆ ಮೂರು ಸಲ ನುಡಿಸುವಂತೆ ಮಾಡಿದನು. 1727ರಲ್ಲಿ ಎರಡನೆಯ ಜಾರ್ಜನ ಪಟ್ಟಾಭಿಷೇಕಕ್ಕಾಗಿ ರಚಿಸಿದ ಯಾಜಕ ಚಾದೋಕನ ಗೀತವು ಅಂದಿನಿಂದ 2023ರ ವರೆಗೆ ಇಂಗ್ಲೆಂಡಿನ ಪ್ರತಿಯೊಂದು ಪಟ್ಟಾಭಿಷೇಕದಲ್ಲಿಯೂ ಹಾಡಲ್ಪಟ್ಟಿದೆ.

ಹ್ಯಾಂಡೆಲನು ನಲವತ್ತಕ್ಕೂ ಮಿಗಿಲಾಗಿ ಇಟಲಿಯ ಭಾಷೆಯ ಸಂಗೀತ ನಾಟಕಗಳನ್ನು ರಚಿಸಿದನು. 1731ರ ಪೋರೋ ಎಂಬುದರಲ್ಲಿ ನಮ್ಮ ದೇಶದ ಪೋರಸ್ ದೊರೆಯೂ ಅಲೆಕ್ಸಾಂಡರನೂ ಎದುರುಬದುರಾಗಿ ನಿಲ್ಲುವರು. ಈ ವರ್ಷಗಳಲ್ಲಿ ಅವನಿಗೆ ಹಣವೂ ಬಂದಿತು. ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ದಾಸರನ್ನಾಗಿ ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪೆನಿಯ ಷೇರುಗಳು 1720ರಲ್ಲಿ ಹ್ಯಾಂಡೆಲನ ಹೆಸರಿನಲ್ಲಿದ್ದುವೆಂದು ಈಚಿನ ಸಂಶೋಧಕರು ಲೆಕ್ಕದ ಪುಸ್ತಕಗಳಿಂದ ಕಂಡುಹಿಡಿದಿರುವರು. ಆ ಕಾಲದ ಗೌರವಸ್ಥರು ಅನೇಕರು ಹಾಗೆಯೇ ಮಾಡಿದರೆಂಬುದು ದಿಟವಾದರೂ, ಅದರಿಂದ ಪಾಪವು ಪುಣ್ಯವಾಗಲಾರದು. ಮಹಾಪುರುಷರ ಚರಿತ್ರೆಯನ್ನು ಓದುವಾಗ ಅವರ ಕೈಯ ಕೊಳೆಯನ್ನೂ ಕಾಣುವ ಧೈರ್ಯವು ನಮಗಿರಬೇಕು; ಇಲ್ಲದಿದ್ದರೆ ನಮ್ಮ ಕೈಯ ಕೊಳೆಯೂ ನಮಗೆ ಕಾಣಲಾರದು.

ಕ್ರಮೇಣ ಜನರ ಅಭಿರುಚಿಯು ಬದಲಾಯಿತು. ತಿಳಿಯದ ಭಾಷೆಯ ನಾಟಕಗಳನ್ನು ಹಾಸ್ಯಮಾಡುವ ಇಂಗ್ಲಿಷ್ ನಾಟಕಗಳು ಬಂದುವು. 1733ರಲ್ಲಿ ದೊಡ್ಡ ಮನುಷ್ಯರು ಕೆಲವರು ಸೇರಿ ಪ್ರತಿಸ್ಪರ್ಧೆಗೆ ಇನ್ನೊಂದು ನಾಟಕ ಮಂಡಲಿಯನ್ನು ಕಟ್ಟಿದರು. ನಾಲ್ಕು ವರ್ಷಗಳಲ್ಲಿ ಎರಡೂ ಮಂಡಲಿಗಳು ಕುಸಿದುವು. 1737ರಲ್ಲಿ ಹ್ಯಾಂಡೆಲನಿಗೆ ಲಕ್ವ ಹೊಡೆದು ಬಲಗೈ ಸೋತಿತು. ಜರ್ಮನಿಯ ಆಖೆನ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಗಳಲ್ಲಿ ಸ್ನಾನಮಾಡಿ ಗುಣಹೊಂದಿ ಬಂದನಾದರೂ, 1741ರಲ್ಲಿ ಅವನ ಕೊನೆಯ ಸಂಗೀತ ನಾಟಕವು ಮೂರೇ ಪ್ರದರ್ಶನಗಳಿಗೆ ನಿಂತುಹೋಯಿತು. ಆಗ ಅವನಿಗೆ ಸುಮಾರು ಐವತ್ತಾರು ವರ್ಷ. ಅವನ ಕಾಲವು ಮುಗಿಯಿತೆಂದೇ ಲಂಡನ್ನಿನ ಅನೇಕರು ಎಣಿಸಿದರು.

ಇಷ್ಟರೊಳಗೆ ಅವನ ಕೈಗೆ ಬೇರೊಂದು ಗಾನಪ್ರಕಾರವು ಸಿಕ್ಕಿತ್ತು. 1732ರಲ್ಲಿ ಸತ್ಯವೇದದ ಎಸ್ತೇರಳ ಕಥೆಯನ್ನು ಇಂಗ್ಲಿಷಿನಲ್ಲಿ ಹಾಡಿಸಬೇಕೆಂದಿದ್ದಾಗ, ಪವಿತ್ರ ಕಥೆಯನ್ನು ವೇಷಕಟ್ಟಿ ಅಭಿನಯಿಸಬಾರದೆಂದು ಲಂಡನ್ನಿನ ಬಿಷಪರು ತಡೆದರು. ಆದುದರಿಂದ ಹಾಡುವವರು ವೇಷವಿಲ್ಲದೆ, ಕುಣಿತವಿಲ್ಲದೆ, ಸುಮ್ಮನೆ ನಿಂತು ಹಾಡಿದರು. ಈ ಪ್ರಕಾರಕ್ಕೆ ಆರಟೋರಿಯೊ ಎಂದು ಹೆಸರು. ನಮ್ಮವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನಮ್ಮ ಗ್ರಾಮಗಳಲ್ಲಿ ಗಮಕಿಯು ಭಾರತವನ್ನು ವಾಚನಮಾಡುವಾಗ ವೇಷವಿಲ್ಲ, ರಂಗವಿಲ್ಲ. ಕಂಠದಿಂದಲೇ ಯುದ್ಧವೂ ಶೋಕವೂ ಕಣ್ಣೆದುರು ನಿಲ್ಲುವುವು. ಕರಾವಳಿಯ ತಾಳಮದ್ದಳೆಯೂ ವೇಷ ಬಿಟ್ಟ ಯಕ್ಷಗಾನವೇ. ಹ್ಯಾಂಡೆಲನು ಅಂತಹ ಕಥನಕ್ಕೆ ದೊಡ್ಡದೊಂದು ಮೇಳವನ್ನೂ ವಾದ್ಯವೃಂದವನ್ನೂ ಕೂಡಿಸಿದನು. ಬಾಗಿಲು ಮುಚ್ಚಿತೆಂದು ದುಃಖಿಸದೆ, ಆ ತಡೆಯೊಳಗಿನಿಂದಲೇ ತನ್ನ ಅತ್ಯುತ್ತಮ ಕೃತಿಗಳಿಗೆ ದಾರಿಮಾಡಿಕೊಂಡನು.

1741ರ ಆಗಸ್ಟ್ 22ರಲ್ಲಿ ಹ್ಯಾಂಡೆಲನು ಲಂಡನ್ನಿನ ಬ್ರೂಕ್ ಬೀದಿಯ ತನ್ನ ಮನೆಯಲ್ಲಿ ಮೆಸ್ಸೀಯ ಎಂಬ ಕೃತಿಯನ್ನು ಪ್ರಾರಂಭಿಸಿ, ಸೆಪ್ಟೆಂಬರ್ 14ರಲ್ಲಿ, ಅಂದರೆ ಇಪ್ಪತ್ತನಾಲ್ಕು ದಿವಸಗಳಲ್ಲಿ, ಮುಗಿಸಿದನು. ಅದರ ಮಾತುಗಳನ್ನು ಚಾರ್ಲ್ಸ್ ಜೆನೆನ್ಸ್ ಎಂಬ ಮಿತ್ರನು ಸತ್ಯವೇದದಿಂದಲೇ ಆರಿಸಿ ಜೋಡಿಸಿದ್ದನು. ಪ್ರವಾದನೆ ಮತ್ತು ಜನನ, ಶ್ರಮೆ ಮತ್ತು ಜಯ, ಪುನರುತ್ಥಾನದ ನಿರೀಕ್ಷೆ ಎಂದು ಅದರಲ್ಲಿ ಮೂರು ಭಾಗಗಳಿವೆ.

ಈ ಕೃತಿಯು ಮೊದಲು ಹಾಡಲ್ಪಟ್ಟುದು ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿ, 1742ರ ಏಪ್ರಿಲ್ 13ರ ಮಧ್ಯಾಹ್ನ. ಬಂದ ಹಣವು ಸಾಲಕ್ಕಾಗಿ ಸೆರೆಯಲ್ಲಿದ್ದ ಬಡವರಿಗೂ ಎರಡು ಆಸ್ಪತ್ರೆಗಳಿಗೂ ಸಲ್ಲತಕ್ಕದ್ದೆಂದು ಮೊದಲೇ ಗೊತ್ತಾಗಿತ್ತು. ಹೆಚ್ಚು ಜನರು ಹಿಡಿಯುವಂತೆ ಸ್ತ್ರೀಯರು ಅಗಲವಾದ ಬಳೆಗಳುಳ್ಳ ಲಂಗಗಳನ್ನು ತೊಡದೆಯೂ, ಪುರುಷರು ಕತ್ತಿಗಳನ್ನು ಕಟ್ಟದೆಯೂ ಬರಬೇಕೆಂದು ಬೇಡಿಕೊಳ್ಳಲಾಯಿತು. ಸುಮಾರು 700 ಮಂದಿ ನೆರೆದರು. ಆ ಹಣದಿಂದ 142 ಮಂದಿ ಸೆರೆಯಾಳುಗಳು ಬಿಡುಗಡೆ ಹೊಂದಿದರು.

ಆ ದಿನ ಸೂಸಾನ್ನಾ ಸಿಬ್ಬರ್ ಎಂಬಾಕೆಯು ಹಾಡಿದಳು. ಗಂಡನ ದುಷ್ಟತನದಿಂದಲೂ, ನ್ಯಾಯಸ್ಥಾನದಲ್ಲಿ ನಡೆದ ವ್ಯಾಜ್ಯದಿಂದಲೂ ಆಕೆಯ ಹೆಸರು ಲಂಡನ್ನಿನ ಬಾಯಿಗಳಲ್ಲಿ ಬಿದ್ದು ಹಾಳಾಗಿತ್ತು. ಮನುಷ್ಯರು ಧಿಕ್ಕರಿಸಿದ ಸಂಕಟಪುರುಷನನ್ನು ಕುರಿತು ಯೆಶಾಯನು ನುಡಿದ ಮಾತುಗಳನ್ನು ಹಾಡಲು ಹ್ಯಾಂಡೆಲನು ಆಕೆಯನ್ನೇ ನಿಲ್ಲಿಸಿದನು. ಆಕೆಯ ಕಂಠವು ದೊಡ್ಡದಲ್ಲ. ಆದರೆ ಧಿಕ್ಕಾರವೆಂದರೇನೆಂದು ಬಲ್ಲ ಕಂಠವದು. ಕೇಳುತ್ತಿದ್ದ ಡೆಲೇನಿ ಎಂಬ ಬೋಧಕರು ತಡೆಯಲಾರದೆ, ಈ ಒಂದು ಹಾಡಿಗಾಗಿ ಆಕೆಯ ಪಾಪಗಳೆಲ್ಲ ಕ್ಷಮಿಸಲ್ಪಡಲೆಂದು ಕೂಗಿದರಂತೆ. ಹಾಡಿದ ಆಕೆಯ ಪಾಪಗಳಿಗಿಂತಲೂ, ಆಕೆಯನ್ನು ಆಡಿಕೊಂಡ ಕೇಳುಗರ ಪಾಪಗಳನ್ನು ಆ ಹಾಡು ಹೆಚ್ಚಾಗಿ ತೊಳೆದಿರಬಹುದೆಂದು ನನಗೆ ತೋರುವುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಸಂಗೀತದಲ್ಲಿ ಒಂದೇ ಎಳೆಯು ರಾಗದ ಗಮಕಗಳಿಂದಲೂ ಸಂಗತಿಗಳಿಂದಲೂ ವಿಸ್ತಾರಗೊಳ್ಳುವುದು. ಹ್ಯಾಂಡೆಲನ ಮೇಳಗಾನದಲ್ಲಿ ನಾಲ್ಕು ಎಳೆಗಳಿರುವುವು: ಹೆಂಗಸರ ಮೇಲಿನ ದನಿ, ಕೆಳಗಿನ ದನಿ, ಗಂಡಸರ ಮೇಲಿನ ದನಿ, ಕೆಳಗಿನ ದನಿ. ಜಡೆ ಕೋಲಾಟವನ್ನು ನೀವು ನೋಡಿರುವಿರಲ್ಲವೆ? ಒಬ್ಬೊಬ್ಬಳೂ ತನ್ನ ಹಗ್ಗವನ್ನು ಹಿಡಿದು ತನ್ನ ಹೆಜ್ಜೆಯಲ್ಲಿಯೇ ಸಾಗುವಳು. ಆದರೆ ಮೇಲೆ ನೋಡಿದರೆ ಎಲ್ಲ ಹಗ್ಗಗಳೂ ಕೂಡಿ ಒಂದೇ ಜಡೆಯಾಗಿರುವುದು. ಇದೂ ಹಾಗೆಯೇ. ಕಳೆ ಕೀಳುವ ಹೆಂಗಸರಲ್ಲಿ ಒಬ್ಬಳು ಹೇಳಿದ ಸೊಲ್ಲನ್ನು ಉಳಿದವರು ಹಿಡಿಯುವಂತೆ, ಇಲ್ಲಿಯೂ ಒಂದು ದನಿಯು ಎತ್ತಿದ ಸೊಲ್ಲನ್ನು ಇನ್ನೊಂದು ಹಿಡಿಯುವುದುಂಟು; ಮೊದಲನೆಯದು ಮುಗಿಯುವ ತನಕ ಕಾಯದಿರುವುದೊಂದೇ ವ್ಯತ್ಯಾಸ.

ಹ್ಯಾಂಡೆಲನು ಮಾತಿನ ಅರ್ಥವನ್ನು ಸ್ವರದಲ್ಲಿ ಚಿತ್ರಿಸುವ ಬಗೆಯನ್ನೂ ಗಮನಿಸಿರಿ. ಮೆಸ್ಸೀಯದ ಆದಿಯಲ್ಲಿ ಯೆಶಾಯನ ನಲವತ್ತನೆಯ ಅಧ್ಯಾಯದ ಮಾತುಗಳಿವೆ. ಹಳ್ಳಗಳು ಎತ್ತರಿಸಲ್ಪಡುವ ಮಾತು ಬಂದಾಗ ದನಿಯು ಮೆಟ್ಟಲು ಮೆಟ್ಟಲಾಗಿ ಏರುವುದು. ಡೊಂಕಿನ ಮಾತು ಬಂದಾಗ ಎರಡು ಸ್ವರಗಳ ನಡುವೆ ಅತ್ತಿತ್ತ ಹೊರಳುವುದು. ದಾರಿಯು ಸಮವಾದಾಗ ಒಂದೇ ಸ್ವರದಲ್ಲಿ ನೀಳವಾಗಿ ನಿಲ್ಲುವುದು. ಅವನು ಮಿತವನ್ನೂ ಬಲ್ಲವನು. ದೇವದೂತರ ಸ್ತೋತ್ರದಲ್ಲಿ ತುತೂರಿಗಳನ್ನು ದೂರದಿಂದೆಂಬಂತೆ ಮೆಲ್ಲನೆ ಊದಿಸಿ, ಆಮೇಲೆ ಎರಡನೆಯ ಭಾಗದ ಕೊನೆಯ ಹಲ್ಲೆಲೂಯ ಗೀತದ ವರೆಗೂ ಅವುಗಳನ್ನು ಸುಮ್ಮನಿರಿಸುವನು. ಆ ಗೀತದಲ್ಲಿ ತುತೂರಿಯೂ ನಗಾರಿಯೂ ಕೂಡಿ ಮೊಳಗುವುವು. ಒಂದು ದನಿಯು ದೀರ್ಘ ಸ್ವರವನ್ನು ಹಿಡಿದು ಹಂತಹಂತವಾಗಿ ಮೇಲೇರುತ್ತಿರಲು ಉಳಿದವರು ಕೆಳಗಿನಿಂದ ಸ್ತುತಿಸುವರು. ಕೊನೆಗೆ ಎಲ್ಲವೂ ಥಟ್ಟನೆ ನಿಂತು, ಒಂದು ಕ್ಷಣ ನಿಶ್ಶಬ್ದವಾಗಿ, ಆಮೇಲೆ ವಿಳಂಬದಲ್ಲಿ ಮುಕ್ತಾಯವಾಗುವುದು. ಅದನ್ನು ಕೇಳುವಾಗ ಎದ್ದುನಿಲ್ಲುವ ವಾಡಿಕೆಯು ಇಂದಿಗೂ ಅನೇಕ ಕಡೆಗಳಲ್ಲಿ ಉಂಟು.

ನಮ್ಮ ಹಾಸನದ ಸಭೆಗೂ ಹ್ಯಾಂಡೆಲನಿಗೂ ತೆಳುವಾದ, ಆದರೆ ನಿಜವಾದ ಒಂದು ನಂಟಿದೆ. ಲಂಡನ್ನಿನಲ್ಲಿ ಅವನ ಕೃತಿಗಳು ನಡೆಯುತ್ತಿದ್ದ ನಾಟಕಶಾಲೆಯ ಯಜಮಾನನ ಹೆಂಡತಿಯು ವೆಸ್ಲಿ ಸಹೋದರರ ಬೋಧನೆಯಿಂದ ಮನಸ್ಸು ತಿರುಗಿದವಳು. ಈ ಪರಿಚಯದ ಫಲವಾಗಿ 1747ರ ಸುಮಾರಿನಲ್ಲಿ ಹ್ಯಾಂಡೆಲನು ಚಾರ್ಲ್ಸ್ ವೆಸ್ಲಿಯ ಮೂರು ಕೀರ್ತನೆಗಳಿಗೆ ಧಾಟಿಗಳನ್ನು ಬರೆದನು. ಅವನ ಕೈಬರಹವು ಮರೆತುಹೋಗಿದ್ದು, ಚಾರ್ಲ್ಸನ ಮಗನಾದ ಸ್ಯಾಮ್ಯುಯೆಲ್ ವೆಸ್ಲಿಗೆ 1826ರಲ್ಲಿ ಕೇಂಬ್ರಿಜಿನಲ್ಲಿ ದೊರಕಿತು. ಜಾನ್ ವೆಸ್ಲಿಯು 1758ರಲ್ಲಿ ಬ್ರಿಸ್ಟಲ್ ಪಟ್ಟಣದ ಮಹಾದೇವಾಲಯದಲ್ಲಿ ಮೆಸ್ಸೀಯವನ್ನು ಕೇಳಿ, ಪ್ರಸಂಗದ ವೇಳೆಯಲ್ಲಿಯೂ ಕಾಣದ ಗಾಂಭೀರ್ಯವನ್ನು ಆ ದಿನ ಜನರಲ್ಲಿ ಕಂಡುದಾಗಿ ದಿನಚರಿಯಲ್ಲಿ ಗುರುತಿಸಿಕೊಂಡನು. ಅವನ ಅನುಯಾಯಿಗಳ ವೆಸ್ಲಿಯನ್ ಮಿಷನ್ನೇ ಮುಂದೆ ಮೈಸೂರು ಸೀಮೆಗೆ ಬಂದು, ಹಾಸನದಲ್ಲಿಯೂ ಶಾಲೆ, ಗುಡಿ, ಆಸ್ಪತ್ರೆಗಳನ್ನು ಕಟ್ಟಿ, 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡಿತು.

ಈಗ ಅನಾಥ ಮಕ್ಕಳ ಮಾತು. ಲಂಡನ್ನಿನ ಬೀದಿಗಳಲ್ಲಿ ಬಿಟ್ಟುಹೋದ ಶಿಶುಗಳನ್ನು ಕಂಡು ಮರುಗಿದ ಥಾಮಸ್ ಕೋರಮ್ ಎಂಬ ನಾವಿಕನು ಬಹುವರ್ಷ ಅಲೆದಾಡಿ, 1739ರಲ್ಲಿ ದೊರೆಯ ಸನ್ನದನ್ನು ಪಡೆದು ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಶಿಶುನಿಲಯವನ್ನು ಸ್ಥಾಪಿಸಿದನು. ಬರುವ ಮಕ್ಕಳು ಬಹಳ, ಸ್ಥಳವು ಸ್ವಲ್ಪ. ಆದುದರಿಂದ ತಾಯಂದಿರು ಒಂದು ಚೀಲದಲ್ಲಿ ಕೈಯಿಟ್ಟು ಚೆಂಡನ್ನು ಎತ್ತಬೇಕಾಗಿತ್ತು. ಬಿಳಿಯ ಚೆಂಡು ಬಂದರೆ ಮಗುವಿಗೆ ಪ್ರವೇಶ; ಕರಿಯದು ಬಂದರೆ ಮಗುವನ್ನೆತ್ತಿಕೊಂಡು ಹಿಂದಿರುಗಬೇಕು. ಮುಂದೆಂದಾದರೂ ಮಗುವನ್ನು ಗುರುತಿಸಲು ತಾಯಂದಿರು ಬಟ್ಟೆಯ ಚೂರನ್ನೋ ಗುಂಡಿಯನ್ನೋ ಒಡೆದ ನಾಣ್ಯವನ್ನೋ ಬಿಟ್ಟುಹೋಗುತ್ತಿದ್ದರು. ಅವುಗಳನ್ನು ಲಂಡನ್ನಿನ ಫೌಂಡ್ಲಿಂಗ್ ಮ್ಯೂಸಿಯಮ್ಮಿನಲ್ಲಿ ಇಂದಿಗೂ ನೋಡಬಹುದು.

1749ರಲ್ಲಿ ಹ್ಯಾಂಡೆಲನು ಆ ನಿಲಯದ ಅರ್ಧ ಕಟ್ಟಿದ ಗುಡಿಯಲ್ಲಿ ಒಂದು ಕಚೇರಿಯನ್ನು ನಡೆಸಿ, ಅದರ ಹಣವನ್ನು ಕೊಟ್ಟನು. ಗುಡಿಗೆ ಒಂದು ಆರ್ಗನ್ ವಾದ್ಯವನ್ನೂ ದಾನಮಾಡಿದನು. 1750ರ ಮೇ 1ರಲ್ಲಿ ಅಲ್ಲಿ ಮೆಸ್ಸೀಯವನ್ನು ಹಾಡಿಸಿದಾಗ ಸ್ಥಳ ಸಿಕ್ಕದೆ ಹಿಂದಿರುಗಿದವರಿಗಾಗಿ ಹದಿನೈದನೆಯ ತಾರೀಖಿನಲ್ಲಿ ಪುನಃ ಹಾಡಿಸಬೇಕಾಯಿತು. ಅಂದಿನಿಂದ ಪ್ರತಿವರ್ಷವೂ ಆ ಕೃತಿಯು ಆ ಮಕ್ಕಳಿಗಾಗಿ ಹಾಡಲ್ಪಟ್ಟು, ಒಟ್ಟಿನಲ್ಲಿ ಸುಮಾರು 7000 ಪೌಂಡುಗಳು ಕೂಡಿದುವು. ನಾಟಕಶಾಲೆಯಲ್ಲಿ ಪವಿತ್ರ ವಾಕ್ಯಗಳನ್ನು ಹಾಡಬಹುದೆ ಎಂದು 1743ರಲ್ಲಿ ಆಕ್ಷೇಪಿಸಿದ್ದ ಲಂಡನ್ನು, ಯಾರಿಗೂ ಬೇಡವಾದ ಮಕ್ಕಳ ಮನೆಯಲ್ಲಿ ಕುಳಿತು ಆ ಕೃತಿಯನ್ನು ಪ್ರೀತಿಸಲು ಕಲಿಯಿತು.

1751ರ ಫೆಬ್ರವರಿಯಲ್ಲಿ ಯೆಪ್ತಾಹನ ಕಥೆಯನ್ನು ಬರೆಯುತ್ತಿದ್ದಾಗ ಹ್ಯಾಂಡೆಲನ ಎಡಗಣ್ಣು ಮಂಜಾಯಿತು. ಮುಂದುವರಿಯಲಾರೆನೆಂದು ಹಾಳೆಯ ಅಂಚಿನಲ್ಲಿಯೇ ಗುರುತುಮಾಡಿ ಲೇಖನಿಯನ್ನು ಕೆಳಗಿಟ್ಟನು. ಕೆಲವು ದಿನಗಳ ಮೇಲೆ ಮತ್ತೆ ಹಿಡಿದು, ಕೊನೆಗೆ ಆ ಕೃತಿಯನ್ನು ಪೂರೈಸಿದನು. ವೈದ್ಯರ ಶಸ್ತ್ರವು ಫಲಿಸಲಿಲ್ಲ. ಬಾಖನ ಕಣ್ಣಿಗೆ ಶಸ್ತ್ರವಿಟ್ಟ ಟೇಲರ್ ಎಂಬವನೇ ಇವನ ಕಣ್ಣನ್ನೂ ಮುಟ್ಟಿದನು. 1753ರ ವೇಳೆಗೆ ಕತ್ತಲೆಯು ಪೂರ್ಣವಾಯಿತು. ಆದರೂ ಕುರುಡನು ಕೈಹಿಡಿಸಿಕೊಂಡು ಬಂದು ಆರ್ಗನ್ ನುಡಿಸುತ್ತಿದ್ದನು. ತಾನು ಬಹು ಹಿಂದೆ ಬರೆದಿದ್ದ, ಕಣ್ಣು ಕಳೆದುಕೊಂಡ ಸಂಸೋನನ ಹಾಡನ್ನು ಇತರರು ಹಾಡುವಾಗ ವಾದ್ಯದ ಬಳಿ ಕುಳಿತಿದ್ದ ಆ ಮುದುಕನನ್ನು ನೋಡಿ ಜನರು ಕಣ್ಣೀರಿಟ್ಟರು.

1759ರ ಏಪ್ರಿಲ್ 6ರಲ್ಲಿ ಅವನು ಕೊನೆಯ ಸಲ ಮೆಸ್ಸೀಯವನ್ನು ಕೇಳಿದನು. ಶುಭ ಶುಕ್ರವಾರದ ಮರುದಿನ, ಏಪ್ರಿಲ್ 14ರ ಬೆಳಗ್ಗೆ, ಅವನ ಪ್ರಾಣವು ಹೋಯಿತು. ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದ ಸಮಾಧಿಗೆ ಸುಮಾರು 3000 ಜನರು ಕೂಡಿದರು. ಮದುವೆಯಾಗದ ಅವನಿಗೆ ಮಕ್ಕಳಿರಲಿಲ್ಲ. ಮರಣಶಾಸನದಲ್ಲಿ ಬಂಧುಗಳನ್ನೂ ಸೇವಕರನ್ನೂ ನೆನೆದು, ಮುಪ್ಪಾದ ಬಡ ಸಂಗೀತಗಾರರ ನಿಧಿಗೆ 1000 ಪೌಂಡುಗಳನ್ನೂ, ಶಿಶುನಿಲಯಕ್ಕೆ ಮೆಸ್ಸೀಯದ ಒಂದು ಪೂರ್ಣ ಪ್ರತಿಯನ್ನೂ ಬಿಟ್ಟನು. ತಾನು ಹೋದ ಮೇಲೂ ಆ ಮಕ್ಕಳು ಅದನ್ನು ಹಾಡಿಸಿ ಜೀವಿಸಲೆಂಬುದೇ ಅದರ ಅರ್ಥ.

ಪ್ರಿಯ ಬಾಲೆಯರೇ, ಹ್ಯಾಂಡೆಲನ ಗಾನವನ್ನು ಕೇಳುವ ಸಂದರ್ಭ ಬಂದಾಗ ಒಂದೇ ಸಲ ಕೇಳಿ ಬಿಡಬೇಡಿರಿ. ಮೊದಲ ಸಲ ಸುಮ್ಮನೆ ಕೇಳಿರಿ. ಎರಡನೆಯ ಸಲ ಒಂದೇ ದನಿಯ ಎಳೆಯನ್ನು ಹಿಡಿದು ಅದರ ಬೆನ್ನುಹತ್ತಿರಿ. ಮೂರನೆಯ ಸಲ ಸತ್ಯವೇದವನ್ನು ತೆರೆದಿಟ್ಟು ಮಾತುಗಳನ್ನು ನೋಡುತ್ತಾ ಕೇಳಿರಿ. ಪರಕೀಯವೆಂದು ತೋರಿದ್ದು ನಿಮ್ಮದೇ ಆಗುವುದು.

ಹುಡುಗಿಯರಿಗೆ ಹಾಡು ಕಲಿಸುವುದರಿಂದ ಏನು ಪ್ರಯೋಜನ, ಆ ಹೊತ್ತಿನಲ್ಲಿ ಲೆಕ್ಕ ಮಾಡಲಿ ಎನ್ನುವ ತಂದೆತಾಯಂದಿರಿಗೂ ನನ್ನದೊಂದು ವಿಜ್ಞಾಪನೆ. ಹಾಲೆಯ ಆ ಮುದುಕನೂ ಮಗನ ಮೇಲಿನ ಪ್ರೀತಿಯಿಂದಲೇ ವಾದ್ಯವನ್ನು ತಡೆದನು. ಅಟ್ಟದ ಬಾಗಿಲು ತೆರೆಯಲು ಒಬ್ಬ ಡ್ಯೂಕನ ಮಾತು ಬೇಕಾಯಿತು. ನಮ್ಮ ಹಳ್ಳಿಗಳಿಗೆ ಡ್ಯೂಕರು ಬರುವುದಿಲ್ಲ. ಮಗುವಿನ ವರವನ್ನು ಗುರುತಿಸಿ ಆ ಮಾತನ್ನು ಆಡತಕ್ಕವರು ನೀವೂ ನಾವೂ ಆಗಿರುವೆವು. ಅಂದು ತೆರೆದ ಒಂದು ಬಾಗಿಲಿನಿಂದ ಐವತ್ತು ವರ್ಷಗಳ ತರುವಾಯ ಎಷ್ಟು ಮಂದಿ ತಬ್ಬಲಿ ಮಕ್ಕಳಿಗೆ ಅನ್ನವೂ ಆಶ್ರಯವೂ ದೊರಕಿದುವೆಂಬುದನ್ನು ನೆನಪಿನಲ್ಲಿಡೋಣ. ವರವನ್ನು ಕೊಟ್ಟ ದೇವರಿಗೆ ಸ್ತೋತ್ರವಾಗಲಿ.